ತೊಂಬತ್ತನೆಯ ನಿಮಿಷದ ಮಾತ್ರೆ

ಸಾದಲಿ
೧೨-೨-೧೯೬೨

ಅಲೀಪುರದ ಹಮೀದಾ ಬೇಗಂ ಅವರಿಗೆ ವೆಂಕಟರತ್ನಮ್ಮನ ನಮಸ್ಕಾರ.

ನಿಮ್ಮ ಎರಡು ಕಾಗದಗಳೂ ಬಂದಿವೆ. ಉತ್ತರ ತಡವಾಯಿತು. ಒಂದು ಕಡೆ ರವಣನ ಮುರಿದ ಕಾಲು, ಇನ್ನೊಂದು ಕಡೆ ಪೊರೆ ಬಿಡುವ ನಾಲ್ಕನೆಯ ಜ್ವರ ಮುಗಿಸಿ ಹಸಿದು ಎದ್ದ ರೇಷ್ಮೆ ಹುಳು. ಸಾಲದ್ದಕ್ಕೆ, ಎಂಟು ಗ್ರಹಗಳು ಒಂದೇ ಮನೆಯಲ್ಲಿ ಸೇರಿ ಲೋಕ ಮುಳುಗುತ್ತದೆ ಎಂದು ಹೆದರಿ ಕೂಲಿಯವರು ಮೂರು ದಿನ ಸೊಪ್ಪು ಕೊಯ್ಯಲು ಬರಲಿಲ್ಲ. ಲೋಕವೇನೂ ಮುಳುಗಲಿಲ್ಲ. ನಾನೇ ತೋಟಕ್ಕಿಳಿದು ಸೊಪ್ಪು ಕೊಯ್ದೆ.

ಮೂವತ್ತು ವರ್ಷ ನಿಮಗೆ ‘ನೀನು’ ಎಂದೇ ಬರೆದಿದ್ದೇನೆ. ಈ ಸಲ ಕೈ ಒಪ್ಪುತ್ತಿಲ್ಲ. ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ಅಷ್ಟು ಹುಡುಗರ ನಡುವೆ ಒಂದೇ ಬೆಂಚಿನ ಮೇಲೆ ಕೂತ ಇಬ್ಬರೇ ಹುಡುಗಿಯರು ನಾವು ಎಂದು ನೆನಪಿಸಿದ್ದೀರಿ. ನಾನು ಮರೆತಿಲ್ಲ. ಆದರೆ ಆ ಬೆಂಚು ಬೇರೆ, ನನ್ನ ಮಗನ ಕಾಲು ಬೇರೆ.

ನಿಮ್ಮ ಮಗ ವಜೀರನ ಮೇಲೆ ಕೊಟ್ಟ ದೂರನ್ನು ನಾನು ವಾಪಸ್ಸು ತೆಗೆದುಕೊಳ್ಳದಿದ್ದರೆ ಅವನ ಕೆಲಸ ಹೋಗುತ್ತದೆ, ಡಾಕ್ಟರುಗಳ ಪಟ್ಟಿಯಿಂದ ಹೆಸರೂ ಹೊಡೆದುಹೋಗಬಹುದು ಎಂದು ಬರೆದಿದ್ದೀರಿ. ಹೋಗಲಿ. ಏಕೆ ವಾಪಸ್ಸು ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಒಂದೇ ಸಲ ಬರೆದು ಮುಗಿಸುತ್ತೇನೆ.

ಕಾರ್ತಿಕ ಮಾಸದಲ್ಲಿ ವಜೀರ ನಮ್ಮ ಮನೆಗೆ ಬಂದಿದ್ದ. ಜೇಬಿನಲ್ಲಿ ಬೆರಳುದ್ದದ ಗಾಜಿನ ಸೀಸೆ, ಅದರ ತಳಕ್ಕೆ ಅಂಟಿದಷ್ಟು ಬಿಳಿ ಪುಡಿ. ಇದು ಯಾವ ಗಿಡದಿಂದಲೂ ಬಂದದ್ದಲ್ಲ, ಪ್ರಯೋಗಶಾಲೆಯಲ್ಲಿ ಕೂಡಿಸಿ ಮಾಡಿದ್ದು, ಟ್ರಿಪ್ಟಮೀನ್ ಎಂಬ ಜಾತಿಗೆ ಸೇರಿದ್ದು, ಇನ್ನೂ ಹೆಸರಿಟ್ಟಿಲ್ಲ, ನಂಬರು ಮಾತ್ರ ಇದೆ ಎಂದ. ಸೆರೊಟೋನಿನ್ ಎಂಬ ಇದರ ದಾಯಾದಿ ನಮ್ಮೆಲ್ಲರ ಮಿದುಳಿನಲ್ಲೂ ಇದೆಯಂತೆ. ಈ ಪುಡಿ ದಾಯಾದಿಯ ಹೊಲಕ್ಕೆ ನುಗ್ಗಿ ತಾನೇ ಉಳುಮೆ ಶುರುಮಾಡುತ್ತದಂತೆ. ಬೇಸರ ಹತ್ತಿ ಮಾತು ಬಿಟ್ಟ ರೋಗಿಗಳಿಗೆ ಇದರಿಂದ ಉಪಯೋಗವಾದೀತೇ ಎಂದು ತಿಳಿಯಬೇಕು, ಅದಕ್ಕೆ ಮೊದಲು ಆರೋಗ್ಯವಂತರ ಮೇಲೆ ಇದು ಏನು ಮಾಡುತ್ತದೆ ಎಂದು ನೋಡಬೇಕು. ಇಲಿಗಳ ಮೇಲೆ ನೋಡಿಯಾಗಿದೆ. ಇಲಿ ತಲೆ ಒದರುತ್ತದೆ, ಕೂದಲು ನಿಮಿರುತ್ತದೆ, ಮೈ ಬಿಸಿಯೇರುತ್ತದೆ. ಮನುಷ್ಯರಲ್ಲಿ ಇಡೀ ಪ್ರಪಂಚದಲ್ಲಿ ಹನ್ನೊಂದು ಜನ ಮಾತ್ರ ತೆಗೆದುಕೊಂಡಿದ್ದಾರೆ ಎಂದ.

“ಇಲಿ ತಲೆ ಒದರೋದು ನೋಡಕ್ಕೆ ಇಷ್ಟೆಲ್ಲ ಓದ್ಬೇಕಿತ್ತೇನಪ್ಪ? ನಮ್ಮ ಅಟ್ಟದ ಮೇಲೆ ಬಂದು ಕೂತ್ಕೋ” ಅಂದೆ. ಎಲ್ಲರೂ ನಕ್ಕರು. ಆ ನಗೆಯ ನಡುವೆಯೇ ರವಣ, “ಹನ್ನೆರಡನೇವ್ನು ನಾನಾಗ್ತೀನಿ ಕಣೋ” ಅಂದುಬಿಟ್ಟ. ಶಿಡ್ಲಘಟ್ಟದಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟರಲ್ಲವೇ, ಅವನಿಗೆ ಆ ಹುಚ್ಚು ಮೊದಲಿನಿಂದ ಇತ್ತು. ಗೆಳೆಯನ ಮೇಲಿನ ನಂಬಿಕೆಯೂ ಇತ್ತು.

ಜನವರಿ ಇಪ್ಪತ್ತನೆಯ ತಾರೀಕು ಶನಿವಾರ ಚಿಕ್ಕಬಳ್ಳಾಪುರದಲ್ಲಿ, ಆರು ಮಂಚದ ಆ ಸಣ್ಣ ಆಸ್ಪತ್ರೆಯ ಮಹಡಿಯ ಮೇಲೆ, ಬೆಳಿಗ್ಗೆ ಏಳೂವರೆಗೆ ಮೊದಲನೆಯ ಮಾತ್ರೆ ಕೊಟ್ಟ. ಒಂಬತ್ತು ಗಂಟೆಗೆ ಅಷ್ಟೇ ತೂಕದ ಇನ್ನೊಂದು ಕೊಟ್ಟ. ನಾನು ಕೆಳಗೆ ಬೆಂಚಿನ ಮೇಲೆ ಕಾದು ಕೂತಿದ್ದೆ. ಹತ್ತು ಗಂಟೆಯ ಹೊತ್ತಿಗೆ ಮೇಲಿನಿಂದ ನನ್ನ ಮಗ ಅರಚುವುದು ಕೇಳಿಸಿತು. ಹನ್ನೊಂದಕ್ಕೆ ಅವನು ಮಹಡಿಯ ಕಟಕಟೆ ಹಾರಿ ಅಂಗಳದ ಕಲ್ಲಿನ ಮೇಲೆ ಬಿದ್ದಿದ್ದ.

ಎರಡನೆಯ ಮಾತ್ರೆ ಏಕೆ ಕೊಟ್ಟ? ಮೊದಲನೆಯದು ಏನೂ ಮಾಡಲಿಲ್ಲ ಎನ್ನುತ್ತಾನೆ. ಮಾಡಲಿಲ್ಲ ಎಂದರೆ ಅವನು ತೂಕ ತಪ್ಪಿದ್ದಾನೆ ಎಂದೇ ಅರ್ಥ, ಎಂದು ನಮ್ಮ ಮೈದುನ ವೆಂಕಟರಾಮಪ್ಪ ದೂರಿನಲ್ಲಿ ಬರೆದ. ರೋಗಿಯನ್ನು ಒಬ್ಬನನ್ನೇ ಬಿಟ್ಟು ಹೋಗಿದ್ದ ಎಂದೂ ಬರೆದ. ನಾನು ಓದಿ ಸಹಿ ಹಾಕಿದೆ. ವಜೀರ ಹೇಳಿದ ನಿಯಮವನ್ನೆಲ್ಲ ನನ್ನ ಮಗ ಪಾಲಿಸಿದ್ದ. ಹಿಂದಿನ ದಿನ ರಾತ್ರಿ ಎಂಟರ ಮೇಲೆ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ.

ಈಗ ಸೊಂಟದಿಂದ ಕೆಳಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದಾನೆ. ನನ್ನ ಓರಗಿತ್ತಿ ಓಬಳಮ್ಮ ಹಸುಗೂಸಿಗೆ ಮಾಡುವ ಹಾಗೆ ಅವನಿಗೆ ಎಲ್ಲವನ್ನೂ ಮಾಡುತ್ತಿದ್ದಾಳೆ. ಈ ವಿಷಯವಾಗಿ ಇನ್ನು ಕಾಗದ ಬರೆಯಬೇಡಿ.

ನಿಮ್ಮ ಉಪವಾಸದ ತಿಂಗಳು ತೊಂದರೆಯಿಲ್ಲದೆ ನಡೆಯಲಿ. ಚಿಕ್ಕ ಮಕ್ಕಳಿಗೆ ನನ್ನ ಆಶೀರ್ವಾದ.

ಇತಿ,
ಎಸ್. ವೆಂಕಟರತ್ನಮ್ಮ

 

ಸಾದಲಿ
೨-೪-೧೯೬೨

ಹಮೀದಾ,

ಬರೆಯಬೇಡಿ ಎಂದೆ, ನೀನು ಬರೆಯಲಿಲ್ಲ. ಈ ಸಲ ಹಬ್ಬಕ್ಕೆ ನಿಮ್ಮ ಮನೆಯಿಂದ ಶಾವಿಗೆ ಬರಲಿಲ್ಲ. ಬಂದಿದ್ದರೆ ನಾನು ಹಿಂದಕ್ಕೆ ಕಳಿಸುತ್ತಿದ್ದೆ, ಅದು ನಿನಗೆ ಗೊತ್ತಿತ್ತು. ಹಿಂದಿನ ಕಾಗದದಲ್ಲಿ ನಿನ್ನನ್ನು ‘ನೀವು’ ಎಂದದ್ದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ನಾನು ಯಾರನ್ನೂ ಕ್ಷಮೆ ಕೇಳಿದವಳಲ್ಲ. ಹೇಗೆ ಕೇಳಬೇಕು ಎಂದು ತಿಳಿಯದೆಯೇ ಇದಕ್ಕೂ ಒಂದು ವಾರ ತಡವಾಯಿತು.

ಇದೇ ತಿಂಗಳು ಒಂಬತ್ತಕ್ಕೆ ವಜೀರನ ತನಿಖೆ. ಅವನ ಸಂಸ್ಥೆಯ ಸಮಿತಿಗೆ ಇವತ್ತು ಬೆಳಿಗ್ಗೆ ಒಂದು ರಿಜಿಸ್ಟರ್ ಕಾಗದ ಹಾಕಿದ್ದೇನೆ. ಅದರಲ್ಲಿ ಬರೆದದ್ದು ಬೇರೆಯವರ ಬಾಯಿಂದ ನಿನಗೆ ತಿಳಿಯಬಾರದು.

ಮೊನ್ನೆ ಇಪ್ಪತ್ತನಾಲ್ಕಕ್ಕೆ ಸಮಿತಿಯವರು ವಜೀರ ಕೊಟ್ಟ ಹೇಳಿಕೆಯ ಪ್ರತಿಯನ್ನು ನನಗೂ ಕಳಿಸಿದರು, ದೂರು ಕೊಟ್ಟವಳು ನಾನು ಎಂದು. ಇಂಗ್ಲಿಷಿನಲ್ಲಿತ್ತು. ಡಿಕ್ಷನರಿ ಇಟ್ಟುಕೊಂಡು ಎರಡು ದಿನ ಓದಿದೆ. ಎರಡನೆಯ ಮಾತ್ರೆಯ ನಿಯಮವನ್ನು ಅವನು ಪ್ರಯೋಗಕ್ಕೆ ಎರಡು ತಿಂಗಳು ಮೊದಲೇ ಬರೆದು, ಮೇಲಿನವರ ಒಪ್ಪಿಗೆ ಪಡೆದಿದ್ದ. ಖಾಲಿ ಹೊಟ್ಟೆಯಲ್ಲಿ ಈ ಔಷಧಿ ಅರ್ಧ ಮುಕ್ಕಾಲು ಗಂಟೆಯಲ್ಲಿ ರಕ್ತಕ್ಕೆ ಸೇರುತ್ತದೆ. ಕಣ್ಣಿನ ಪಾಪೆ ಹಿಗ್ಗುತ್ತದೆ, ನಾಡಿ ಏರುತ್ತದೆ. ತೊಂಬತ್ತು ನಿಮಿಷ ಕಳೆದರೂ ಪಾಪೆ ಹಿಗ್ಗದಿದ್ದರೆ ಆ ಮನುಷ್ಯನಿಗೆ ಆ ಪ್ರಮಾಣ ಸಾಲದು ಎಂದು ತಿಳಿದು ಅಷ್ಟನ್ನೇ ಇನ್ನೊಂದು ಸಲ ಕೊಡಬೇಕು. ಹೊಟ್ಟೆ ತುಂಬಿದ್ದರೆ, ಅದರಲ್ಲೂ ಎಣ್ಣೆ ತುಪ್ಪದ ಊಟವಾಗಿದ್ದರೆ, ಔಷಧಿ ಅನ್ನದ ನಡುವೆ ಸಿಕ್ಕಿಕೊಂಡು ತಡವಾಗಿ ಇಳಿಯುತ್ತದೆ. ಆಗ ಎರಡನೆಯದನ್ನು ಕೊಟ್ಟರೆ ಎರಡೂ ಒಟ್ಟಿಗೆ ಏರುತ್ತವೆ. ಅದಕ್ಕಾಗಿಯೇ ಉಪವಾಸದ ನಿಯಮ. ಕೊನೆಗೆ ಹೀಗೆ ಬರೆದಿದ್ದಾನೆ: ‘ಏನೂ ತಿಂದಿಲ್ಲವೆಂದು ನನ್ನ ಗೆಳೆಯ ಹೇಳಿದ. ನಾನು ನಂಬಿದೆ. ಈಗಲೂ ನಂಬುತ್ತೇನೆ. ಆದ್ದರಿಂದ ತಪ್ಪು ನನ್ನ ತೂಕದಲ್ಲಿಯೇ ಆಗಿರಬೇಕು.’

ಹಮೀದಾ, ಅವನ ತೂಕ ಸರಿಯಾಗಿತ್ತು.

ಹಿಂದಿನ ದಿನವೇ ರವಣನ ಜೊತೆ ಚಿಕ್ಕಬಳ್ಳಾಪುರಕ್ಕೆ ಬಂದು ನಮ್ಮ ಚಿಕ್ಕಪ್ಪನ ಮನೆಯಲ್ಲಿ ಇಳಿದಿದ್ದೆ. ಅವರೆಕಾಯಿಯ ಕಾಲ, ಸಾದಲಿಯಿಂದ ನೆನೆಸಿ ಹಿತುಕಿದ ಬೇಳೆ ತಂದಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು ಹಿತಕಬೇಳೆ ಸಾರು ಮಾಡಿದೆ, ಮುದ್ದೆ ಕಟ್ಟಿದೆ. ಗಂಡಸರು ಪರವೂರಿನಲ್ಲಿ ಕೆಲಸಕ್ಕೆ ಹೊರಟರೆ ಎರಡು ಮುದ್ದೆ ಉಣ್ಣಿಸದೆ ಕಳಿಸುವುದು ನಮ್ಮತ್ತೆಯ ಕಾಲದಿಂದಲೂ ನಮ್ಮ ಮನೆಯಲ್ಲಿಲ್ಲ. ಡಾಕ್ಟರ ನಿಯಮ ರೋಗಿಗಳಿಗೆ, ನನ್ನ ಮಗನಿಗೇನು ರೋಗ ಎಂದುಕೊಂಡೆ.

“ಏನೂ ತಿನ್ನಬೇಡ ಅಂದಿದ್ದಾನಮ್ಮ ವಜೀರ. ಹೊಟ್ಟೆ ಖಾಲಿ ಇರ್ಬೇಕಂತೆ” ಎಂದು ರವಣ ನಿಂತೇ ಇದ್ದ.

“ಹೊಟ್ಟೆ ಖಾಲಿ ಇಟ್ಕೊಂಡು ಹೊಸಲು ದಾಟೋದು ಯಾವ ಊರಿನ ವಿದ್ಯೆ? ಕೂತ್ಕೋ” ಅಂದೆ.

ಕೂತ. ಎರಡು ಮುದ್ದೆ ಉಂಡ. ಸಾರಿನ ಮೇಲೆ ಎರಡು ಸೌಟು ತುಪ್ಪ ಹಾಕಿದೆ, ಅವನು ಕೈ ಅಡ್ಡ ಹಿಡಿದರೂ ಹಾಕಿದೆ. ಏಳುವಾಗ, “ಕೇಳಿದ್ರೆ ಏನೂ ತಿಂದಿಲ್ಲ ಅನ್ನು. ನಾನು ಉಣ್ಣಿಸಿದೆ ಅಂತ ಹೇಳ್ಬೇಡ” ಅಂದೆ. ನನ್ನ ಕಣ್ಣೆದುರಿಗೇ ವಜೀರ ಅವನನ್ನು ಕೇಳಿದ. ಅವನು ನನ್ನ ಮುಖ ನೋಡಿ, ಖಾಲಿ ಕಣೋ ಅಂದ.

ಹುಳು ಜ್ವರಕ್ಕೆ ಕೂತಾಗ ತಟ್ಟೆಗೆ ಒಂದು ಎಲೆ ಬಿದ್ದರೂ ಕೂಲಿಯವರಿಗೆ ಮೈ ನಡುಗುವ ಹಾಗೆ ಬೈಯುವವಳು ನಾನು. ಯಾವಾಗ ಹಾಕಬೇಕು, ಯಾವಾಗ ಹಾಕಬಾರದು ಎಂದು ಊರಿಗೆಲ್ಲ ಹೇಳುವವಳು. ಮಗನ ತಟ್ಟೆಯ ಮುಂದೆ ಆ ಬುದ್ಧಿ ಎಲ್ಲಿಗೆ ಹೋಯಿತೋ ಕಾಣೆ.

ಇದು ನನಗೆ ಆಗ ಹೊಳೆದಿರಲಿಲ್ಲವೇ ಎಂದು ನೀನು ಕೇಳಬಹುದು. ಊಟಕ್ಕೂ ಮಾತ್ರೆಗೂ ಇಂಥ ಸಂಬಂಧ ಇದೆ ಎಂದು ಗೊತ್ತಿರಲಿಲ್ಲ, ಅದು ನಿಜ. ಆದರೆ ದೂರಿನಲ್ಲಿ ‘ಉಪವಾಸವಿದ್ದನು’ ಎಂಬ ಸಾಲು ಬಂದಾಗ ನನ್ನ ಪೆನ್ನು ಅಲ್ಲಿ ನಿಂತಿತು. ಇಷ್ಟು ಸಣ್ಣ ವಿಷಯ ಯಾಕೆ ಎಂದುಕೊಂಡು ಮುಂದಕ್ಕೆ ಹೋಗಿ ಸಹಿ ಹಾಕಿದೆ. ನಿನಗೆ ಬರೆದ ಕಾಗದದಲ್ಲಿಯೂ ಅದೇ ಸಾಲು ಬರೆದೆ. ಸಣ್ಣ ವಿಷಯವಾಗಿದ್ದರೆ ಎರಡು ಸಲ ಬರೆಯುತ್ತಿರಲಿಲ್ಲ.

ಇನ್ನೊಂದು ಸುಳ್ಳೂ ಇದೆ. ವಜೀರ ಕೋಣೆ ಬಿಟ್ಟು ಹೋಗಿರಲಿಲ್ಲ. ನಾನು ಮೇಲೆ ಹತ್ತಿ ಹೋದಾಗ ಅವನು ರವಣನ ಪಕ್ಕದಲ್ಲಿಯೇ ಇದ್ದ. ರವಣ ಕಟಕಟೆಯ ಕಡೆ ಓಡಿದಾಗ ಹಿಂದೆಯೇ ಹಾರಿ ಅಂಗಿ ಹಿಡಿದ. ಅಂಗಿಯ ಬೆನ್ನು ಹರಿದು ಅವನ ಕೈಯಲ್ಲಿ ಉಳಿಯಿತು. ಅದನ್ನು ನಾನು ನೋಡಿದ್ದೇನೆ. ಹಾಗಿದ್ದೂ ದೂರಿಗೆ ಸಹಿ ಹಾಕಿದೆ. ಅಂಗಳದಲ್ಲಿ ನನ್ನ ಮಗನ ತೊಡೆಯ ಮೂಳೆ ಹೊರಗೆ ಬಂದದ್ದು ನೋಡಿದ ಮೇಲೆ ಯಾರದಾದರೂ ತಪ್ಪು ಆಗಲೇಬೇಕಿತ್ತು. ನನ್ನದು ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ.

ಹೇಳಿಕೆ ಓದಿದ ದಿನ ಸಾಯಂಕಾಲ ವೆಂಕಟರಾಮಪ್ಪನನ್ನು ಕರೆದು ದೂರು ಸುಳ್ಳು, ತಿದ್ದಿ ಬರೆಯುತ್ತೇನೆ ಎಂದೆ. ಅವನು ಮೊದಲು ಸಮಾಧಾನ ಹೇಳಿದ, ಆಮೇಲೆ ದನಿ ಏರಿಸಿದ. ದೂರು ಬರೆದುಕೊಟ್ಟವನು ಅವನು. ಶಿಡ್ಲಘಟ್ಟದ ಗೂಡಿನ ಸಂತೆಯಲ್ಲೆಲ್ಲ ವಜೀರನ ಮೇಲೆ ಏನೇನೋ ಹಬ್ಬಿಸಿ ಬಂದವನೂ ಅವನೇ. ಬೇಕೆಂದೇ ವಿಷ ಹಾಕಿದ ಎನ್ನುವ ಮಟ್ಟಕ್ಕೆ ಮಾತು ಬೆಳೆದಿತ್ತಂತೆ. ಅದು ನನ್ನ ಕಿವಿಗೆ ಬಿದ್ದದ್ದೇ ಆವತ್ತು.

“ಈಗ ಸುಳ್ಳು ಅಂದ್ರೆ ನಾವು ಊರಾಗೆ ತಲೆ ಎತ್ಕೊಂಡು ಓಡಾಡಕ್ಕಾಗ್ತದಾ ಅತ್ತಿಗೆ? ಹೋಗೋದು ಒಬ್ಬ ಸಾಯಿಬರ ಹುಡುಗನ ಕೆಲಸ ತಾನೆ. ಇನ್ನೊಂದು ಸಿಗ್ತದೆ” ಅಂದ.

“ಆ ಹುಡುಗ ನಮ್ಮ ಹಜಾರದಲ್ಲಿ ರವಣನ ಪಕ್ಕ ಮಲಗಿ ಬೆಳೆದೋನು. ಅವನಿಗೆ ಇನ್ನೊಂದು ಹೆಸರು ಸಿಗ್ತದೇನೋ?” ಅಂದೆ.

ಹಾಗಾದರೆ ನನ್ನ ಪಾಲು ನನಗೆ ಕೊಟ್ಟುಬಿಡಿ, ಬೇರೆ ಒಲೆ ಹೂಡುತ್ತೇನೆ ಎಂದ. ಯಜಮಾನರು ಹೋದ ಮೇಲೆ ಹದಿನೇಳು ವರ್ಷ ಒಡೆಯದ ಹಾಗೆ ಹಿಡಿದುಕೊಂಡು ಬಂದ ಮನೆ ಇದು. ಹೂಡಿಕೋ ಎಂದೆ. ಓಬಳಮ್ಮ ಒಳಗೆ ಅಳುತ್ತಿದ್ದಳು. ಅವಳಿಗೆ ಗಂಡನೂ ಬೇಕು, ರವಣನೂ ಬೇಕು. ಆವತ್ತಿನಿಂದ ಅವನು ಈ ಮನೆಯಲ್ಲಿ ಉಂಡಿಲ್ಲ, ಅವಳು ಅವನಿಗೆ ತೋಟದ ಮನೆಗೆ ಬುತ್ತಿ ಒಯ್ಯುತ್ತಾಳೆ.

ಆಮೇಲೆ ರವಣನ ಕೋಣೆಗೆ ಹೋದೆ. ಪ್ಲಾಸ್ಟರು ಬಿಚ್ಚಿದ್ದಾರೆ, ಬಲಗಾಲು ಒಂದೂವರೆ ಅಂಗುಲ ಕುಗ್ಗಿದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಎಲ್ಲವನ್ನೂ ಸಮಿತಿಗೆ ಬರೆಯುತ್ತೇನೆ ಎಂದೆ.

“ಬೇಡಮ್ಮ. ನಾನೇ ತಿಂದೆ ಅಂತ ಬರೀತೀನಿ. ನಿನ್ನ ಹೆಸರು ಯಾಕೆ” ಅಂದ.

“ಇದನ್ನೂ ನಿನ್ನ ತಲೆ ಮೇಲೆ ಹಾಕ್ಲೇನೋ? ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ ನೀನು? ನಿನ್ನ ಗೆಳೆಯ ಅಲ್ಲವಾ ಅವನು?”

ಅವನು ಹೊದಿಕೆಯನ್ನು ಕುತ್ತಿಗೆಯತನಕ ಎಳೆದುಕೊಂಡ.

“ನೀನು ಹೇಳ್ಬೇಡ ಅಂದಿದ್ದೆ” ಅಂದ.

ಅವನಿಗೆ ಇಪ್ಪತ್ತೈದು ವರ್ಷ, ಹಮೀದಾ. ಎಪ್ಪತ್ತು ಮಕ್ಕಳಿಗೆ ಪಾಠ ಹೇಳುತ್ತಾನೆ.

ಸಮಿತಿಗೆ ಬರೆದ ಕಾಗದದಲ್ಲಿ ಎರಡು ಮುದ್ದೆ, ತುಪ್ಪ, ಐದೂವರೆ ಗಂಟೆ, ನಾನು ಹೇಳಿಕೊಟ್ಟ ಸುಳ್ಳು, ಹರಿದ ಅಂಗಿ ಎಲ್ಲವೂ ಇದೆ. ದೂರಿನಲ್ಲಿದ್ದದ್ದು ಸುಳ್ಳೆಂದು ತಿಳಿದೇ ಸಹಿ ಹಾಕಿದೆ ಎಂದೂ ಬರೆದಿದ್ದೇನೆ. ಒಂಬತ್ತಕ್ಕೆ ನಾನೇ ಹೋಗುತ್ತೇನೆ. ಅವರು ಕೇಳಿದ್ದಕ್ಕೆಲ್ಲ ನಿಂತು ಉತ್ತರ ಹೇಳುತ್ತೇನೆ. ಅಲೀಪುರದಿಂದ ಗೌರಿಬಿದನೂರಿಗೆ ಹೋಗಿ ನೀನೂ ರೈಲು ಹತ್ತಿ ಬರುತ್ತೀಯೇನೋ. ಬಂದರೆ ನನ್ನ ಪಕ್ಕದಲ್ಲಿ ಕೂರಬೇಕೆಂದು ಕೇಳುವ ಮುಖ ನನಗಿಲ್ಲ. ದೂರದಲ್ಲಿಯಾದರೂ ಕೂತಿರು. ನೀನಿದ್ದರೆ ನನ್ನ ದನಿ ನಡುಗುವುದಿಲ್ಲ.

ವಜೀರನಿಗೆ ಹೇಳು, ದೊಡ್ಡಮ್ಮ ಕ್ಷಮೆ ಕೇಳಿದಳು ಎಂದು. ಅವನ ಹೆಸರು ಅವನಿಗೆ ಉಳಿಯಲಿ. ನಿನ್ನ ಮನೆಯ ಎಲ್ಲರಿಗೂ ಒಳ್ಳೆಯದಾಗಲಿ, ನಿನಗೆ ಗಟ್ಟಿ ಆಯುಸ್ಸು ಕೊಡಲಿ ಎಂದು ನಮ್ಮ ದೇವರನ್ನೂ ನಿಮ್ಮ ದೇವರನ್ನೂ ಬೇಡುತ್ತೇನೆ.

ನಿನ್ನ
ರತ್ನ

ವಿ.ಸೂ.: ಇದನ್ನು ಮೇಲೆ ಬರೆಯಲು ಆಗಲಿಲ್ಲ. ವಜೀರನ ಹೇಳಿಕೆಯಲ್ಲಿ ಹತ್ತೂವರೆಯಿಂದ ಹನ್ನೊಂದರವರೆಗಿನ ವಿವರ ಇರಲಿಲ್ಲ. ಕಾಲು ಗಂಟೆಗೊಂದು ಸಲ ನಾಡಿ ನೋಡಿ ಬರೆಯಬೇಕಾದವನು ಅಲ್ಲಿ ಏಕೆ ಬರೆಯಲಿಲ್ಲ ಎಂದು ಸಮಿತಿಯವರು ಕೇಳಿದ್ದರು. ಅವನು ಉತ್ತರ ಕೊಟ್ಟಿರಲಿಲ್ಲ. ಕಳೆದ ಗುರುವಾರ ನಾನು ಗೂಡು ಮಾರಲು ಶಿಡ್ಲಘಟ್ಟಕ್ಕೆ ಹೋಗಿದ್ದಾಗ ಅವನು ಮನೆಗೆ ಬಂದು ರವಣನನ್ನು ನೋಡಿಕೊಂಡು ಹೋದನಂತೆ. ಮಾರನೆಯ ದಿನ ಹಾಸಿಗೆ ಒದರುವಾಗ ಓಬಳಮ್ಮನಿಗೆ ದಿಂಬಿನ ಕೆಳಗೆ ಒಂದು ಹಾಳೆ ಸಿಕ್ಕಿತು. ಓದಲು ಬಾರದೆ ನನ್ನ ಕೈಗೆ ತಂದುಕೊಟ್ಟಳು. ವಜೀರನದೇ ಅಕ್ಷರ. ಅವನು ಹರಿದು ತೆಗೆದಿಟ್ಟಿದ್ದ ಹಾಳೆ. ಅದರಲ್ಲಿ ಇದ್ದದ್ದು ಇಷ್ಟು:

‘ಹತ್ತೂವರೆ: ನಾಡಿ ನೂರಾ ಇಪ್ಪತ್ತು. ಹೆದರಿಕೆ ಇಳಿಯುತ್ತಿದೆ. ನನ್ನ ಕೈ ಹಿಡಿದುಕೊಂಡಿದ್ದಾನೆ. ಹತ್ತು ನಲವತ್ತೈದು: ನೂರಾ ನಾಲ್ಕು. ನೀರು ಕುಡಿದ. ನಕ್ಕ. ಕಷ್ಟದ ಹೊತ್ತು ಕಳೆಯಿತು ಎಂದು ತೋರುತ್ತದೆ. ಹತ್ತು ಐವತ್ತು: ತಾಯಿ ಒಳಗೆ ಬಂದರು. ನೂರಾ ಅರವತ್ತು. ಎದ್ದು ಓಡಿದ.’

ನಾನು ಏನೂ ಮಾಡಿರಲಿಲ್ಲ. ಬಾಗಿಲಲ್ಲಿ ನಿಂತು, ರವಣಾ ಏನೋ ಇದು, ಎಂದು ಕೇಳಿದೆ, ಅಷ್ಟೇ. ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ವಜೀರನಿಗೆ ಕೊಡು, ಎಲ್ಲಿಂದ ಹರಿದನೋ ಅಲ್ಲಿಗೇ ಸೇರಿಸಲಿ. ನನ್ನ ಮುಖ ನೋಡಿ ಅವನು ಬಚ್ಚಿಡುವುದು ಬೇಡ.

ಔಷಧಿ ಅವನನ್ನು ಹಾಗೆ ಮಾಡಿತು ಎಂದು ನನಗೆ ನಾನೇ ಹೇಳಿಕೊಂಡೆ. ನಿನ್ನೆ ಬೆಳಿಗ್ಗೆ, ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವತನಕ ನಾಡಿ ಎಣಿಸುವುದನ್ನು ಓಬಳಮ್ಮನಿಗೆ ಹೇಳಿಕೊಟ್ಟು ಒಳಗೆ ಕಳಿಸಿದೆ. ಎಪ್ಪತ್ತೆರಡು ಎಂದು ಬಂದು ಹೇಳಿದಳು. ಸ್ವಲ್ಪ ಹೊತ್ತು ಬಿಟ್ಟು ನಾನು ಹೋಗಿ ಮಂಚದ ಮೇಲೆ ಕೂತು ಅವನ ಕೈ ಹಿಡಿದೆ. ಏನಮ್ಮ, ಎಂದ. ಏನಿಲ್ಲ, ಎಂದೆ. ಎಣಿಸಿದೆ. ನೂರಾ ಎರಡು. ತಪ್ಪಿರಬಹುದು ಎಂದು ಇನ್ನೊಂದು ಸಲ ಎಣಿಸಿದೆ. ನೂರಾ ಆರು.

ಹತ್ತು ವಾರವಾಯಿತು, ಹಮೀದಾ. ಅವನ ಮೈಯಲ್ಲಿ ಈಗ ಯಾವ ಔಷಧಿಯೂ ಇಲ್ಲ.